ಅಪ್‌ಡೇಟ್: ಡ್ರೈ ಗ್ಲೋವ್ ಮನೆಯಲ್ಲೇ ಬದಲಾಯಿಸಿದೆ
ನನ್ನ ಡ್ರೈಸೂಟಿನ (ನೀರು ಒಳಗೆ ಬಿಡದ ಡೈವಿಂಗ್ ಉಡುಪು) ಎಡಗೈ ಗ್ಲೋವ್ ಹೆಬ್ಬೆರಳ ಬುಡದಲ್ಲಿ ಹರಿದಿದೆ, ಚಿಕ್ಕಮಗಳೂರಿನ ಮನೆಯಲ್ಲೇ ಬದಲಾಯಿಸಬಹುದಾ ಅಂತ ಹೋದ ವಾರ ಕೇಳಿದ್ದೆನಲ್ಲ, ಆಯ್ತು!

ಹರಿದ ಕಡೆ ಹಚ್ಚಿದ ಸೈಕಲ್ ಪಂಕ್ಚರ್ ಸೊಲ್ಯೂಷನ್ ಗ್ಲೋವಿನ ಪಿವಿಸಿ ಪ್ಲಾಸ್ಟಿಕ್ ಮೇಲೆ ನಿಲ್ಲಲಿಲ್ಲ. ಬೆರಳು ಮಡಚಿದ ಕೂಡಲೇ ಸಿಪ್ಪೆ ಹಾಗೆ ಎದ್ದು ಬಂತು. ಗ್ಲೋವನ್ನೇ ಬದಲಾಯಿಸುವಾಗ ಕೆಲಸಕ್ಕೆ ಬಂದಿದ್ದು ಇಲ್ಲಿ ಒಬ್ಬರು ಕೊಟ್ಟ ಬಿಸಿನೀರಿನ ಸಲಹೆ. ಹೊಸ ಗ್ಲೋವಿನ ಬಾಯನ್ನು ಸ್ವಲ್ಪ ಹೊತ್ತು ಬಿಸಿನೀರಲ್ಲಿ ಅದ್ದಿ, ಸೋಪು ನೀರು ಸವರಿ ಗ್ಲೋವ್ ಕೂರುವ ಗಟ್ಟಿ ರಿಂಗಿಗೆ ಎಳೆದೆ. ಸಲೀಸಾಗಿ ಕೂತಿತು. ಹೆಬ್ಬೆರಳು ಸರಿಯಾದ ದಿಕ್ಕಿಗಿದೆಯಾ ಅಂತ ಮೊದಲೇ ಕೈ ಹಾಕಿ ನೋಡಿಕೊಳ್ಳಿ.

ಆದರೂ ಗಾಳಿ ತುಂಬಿಸಿ ಬಕೆಟ್‌ನಲ್ಲಿ ಮುಳುಗಿಸಿದರೆ ಸಣ್ಣ ಗುಳ್ಳೆ ಬರುತ್ತಿತ್ತು. ನೋಡಿದರೆ, ಗ್ಲೋವಿನ ರಿಂಗ್ ಮತ್ತು ಸೂಟಿನ ತೋಳಿನ ರಿಂಗ್ ಕೂಡುವ ಕಡೆ ಓ-ರಿಂಗಿಗೆ (ನೀರು ತಡೆಯುವ ರಬ್ಬರ್ ಬಳೆ) ನಮ್ಮ ನಾಯಿಯ ಒಂದೇ ಒಂದು ಕೂದಲು ಅಂಟಿತ್ತು! ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿದ ಮೇಲೆ ನಿಂತಿತು.

ಮುಂದಿನ ತಿಂಗಳು ಐಸ್‌ಲ್ಯಾಂಡಿನ ಸಿಲ್ಫ್ರಾ ಅನ್ನೋ ನೀರು ತುಂಬಿದ ಬಿರುಕಿನಲ್ಲಿ ಡೈವ್ ಇದೆ. ಅಲ್ಲಿ ನೀರು 2ರಿಂದ 4 ಡಿಗ್ರಿ. ಬಿಸಿನೀರಿನ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.