ಸಹಾಯ ಬೇಕು: ರಾಮಪತ್ರೆ ಜಡ್ಡಿಗಳ ಸಂಶೋಧನೆಗೆ ಅನುದಾನ ಎಲ್ಲಿ ಸಿಗಬಹುದು?

ಗುಂಪಿನ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಡೆ ಹೋದವರಿಗೆ ಗೊತ್ತಿರುತ್ತದೆ: ವರ್ಷವಿಡೀ ಜಿನುಗುವ ನೀರು, ಕೆಸರಿನಿಂದ ಮಂಡಿಯಂತೆ ಮಡಿಚಿಕೊಂಡು ಮೇಲೆದ್ದ ಉಸಿರಾಟದ ಬೇರುಗಳು. ಆ ಊರಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರವೂ ಅಲ್ಲಿದೆ.

ತೊಂದರೆ ದುಡ್ಡಿನದು. ನನಗೆ ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಸಿಗುವ ಫೆಲೋಶಿಪ್) ಇಲ್ಲ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ ಆಗಿದೆ ಎಂದು ಓದಿ ಹೊಟ್ಟೆ ಉರಿಸಿಕೊಂಡದ್ದಷ್ಟೇ ಬಂತು. ಮಾರ್ಗದರ್ಶಕರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಅವರ ಹೆಸರಿನಲ್ಲಿ ದೊಡ್ಡ ಯೋಜನೆಗೆ ಅರ್ಜಿ ಹಾಕುವುದು ಕಷ್ಟ. ನನಗೆ ಬೇಕಿರುವುದು ಲಕ್ಷಗಟ್ಟಲೆ ಅಲ್ಲ. ಓಡಾಟ, ಮಣ್ಣು-ನೀರಿನ ಪರೀಕ್ಷೆ, ದಾರಿ ತೋರಿಸುವ ಊರಿನವರಿಗೆ ಕೂಲಿ, ಇಷ್ಟಕ್ಕೆ ಸಾಕಾದರೆ ಸರಿ. ಕೂಲಿಯನ್ನು ಮಾತ್ರ ಬಾಕಿ ಇಡಲು ಮನಸ್ಸು ಒಪ್ಪುವುದಿಲ್ಲ.

ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಸಣ್ಣ ಅನುದಾನದ ಮೇಲೆ ಕಣ್ಣಿದೆ. ಆದರೆ ಅವರಿಗೆ ಬರೀ ಸಂಶೋಧನೆ ಸಾಲದು, ಸಂರಕ್ಷಣೆಗೆ ಅದರಿಂದ ಏನು ಉಪಯೋಗ ಎಂಬುದು ಕಾಣಬೇಕು. ಇಲ್ಲಿ ಯಾರಾದರೂ ಅದನ್ನು ಪಡೆದಿದ್ದರೆ, ಅರ್ಜಿಯಲ್ಲಿ ಈ ಭಾಗವನ್ನು ಹೇಗೆ ಬರೆದಿರಿ ಎಂದು ದಯವಿಟ್ಟು ತಿಳಿಸಿ. ಕರ್ನಾಟಕ ಜೀವವೈವಿಧ್ಯ ಮಂಡಳಿಯಿಂದ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವು ಸಿಕ್ಕ ಉದಾಹರಣೆ ಇದೆಯೇ? ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪಿಎಚ್.ಡಿ. ಫೆಲೋಶಿಪ್‌ಗೆ ನೋಂದಣಿಯಾದ ಮೇಲೆ ಎಷ್ಟು ಕಾಲದೊಳಗೆ ಅರ್ಜಿ ಹಾಕಬೇಕು?

"ಗೂಗಲ್ ಮಾಡಿ" ಎನ್ನುವವರು ಕ್ಷಮಿಸಬೇಕು, ಅದು ಮುಗಿದಿದೆ. ಅರ್ಜಿ ಹಾಕಿ ಪಡೆದವರ, ಇಲ್ಲವೇ ತಿರಸ್ಕೃತರಾದವರ ಅನುಭವ ಬೇಕು. ಬಜೆಟ್ಟಿನ ಕರಡು ಸಿದ್ಧವಿದೆ. ನೋಡಿ ತಿದ್ದುವವರಿದ್ದರೆ ಇಂದೇ ಕಳುಹಿಸುತ್ತೇನೆ.