ಲಿಫ್ಟ್ ಕಿಟ್ ಹಾಕಿಸದೆ ಸ್ಟಾಕ್ ಪಿಕಪ್‌ನಲ್ಲಿ ಆಫ್‌ರೋಡ್: ಎಲ್ಲಿಯವರೆಗೆ ಹೋಗಬಹುದು?

ಮಣ್ಣಹಾದಿ

ಎಲ್ಲರಿಗೂ ನಮಸ್ಕಾರ. ಗಾಡಿ ಡಬಲ್ ಕ್ಯಾಬ್ ಪಿಕಪ್. ಡೀಸೆಲ್, ಮ್ಯಾನ್ಯುಯಲ್ ಗೇರ್, ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಹಾಕೋ) ಫೋರ್ ವೀಲ್ ಡ್ರೈವ್, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಎಳೆಯೋ ಗೇರ್) ಇದೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಆಡೋದು), ಹಿಂದೆ ಲೀಫ್ ಸ್ಪ್ರಿಂಗ್. ಡಿಫ್ ಲಾಕ್ (ಎರಡು ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಷಿಯಲ್ ಅನ್ನ ಬಿಗಿದು ಎರಡನ್ನೂ ಒಟ್ಟಿಗೆ ತಿರುಗಿಸೋದು) ಇಲ್ಲ, ಬ್ರೇಕ್ ಹಿಡಿದು ಕೆಲಸ ಮಾಡುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಟೈರ್ 265/65 ಆರ್17, ಗಾಡಿ ಜೊತೆ ಬಂದ ಹೈವೇ ಟೈರೇ. ಪುಸ್ತಕದಲ್ಲಿ ಗ್ರೌಂಡ್ ಕ್ಲಿಯರೆನ್ಸ್ 220 ಮಿ.ಮೀ. ಅಂತ ಬರೆದಿದೆ.

ಹೋಗಬೇಕಿರೋದು ಕಲ್ಲು ಮಣ್ಣಿನ ದಾರಿ, ಮಳೆಗೆ ಕೊರೆದುಹೋದ ಏರು, ಆಳದ ಚಕ್ರದ ಜಾಡು, ಮೊಣಕಾಲಿಗಿಂತ ಕಡಿಮೆ ನೀರಿರುವ ಹಳ್ಳ. ದೊಡ್ಡ ಬಂಡೆ ಹತ್ತೋ ಆಸೆ ಇಲ್ಲ. ಕೇಳಿದವರೆಲ್ಲ "ಮೊದಲು 2 ಇಂಚು ಲಿಫ್ಟ್ ಮಾಡಿಸು", ಅಂದ್ರೆ ಸಸ್ಪೆನ್ಷನ್‌ಗೆ ಕಿಟ್ ಹಾಕಿಸಿ ಗಾಡಿ ಎತ್ತರಿಸು ಅಂತಾರೆ. ನಿಜವಾಗಿ ಬೇಕಾ? ಬೇಡ ಅಂದ್ರೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ಯಾವ ಜಾಗ ನೋಡಿ ವಾಪಸ್ ತಿರುಗಬೇಕು?

---

ಲೋರೇಂಜ್

ನೀವು ಹೇಳಿದ ದಾರಿಗೆ ಲಿಫ್ಟ್ ಬೇಕಿಲ್ಲ. ಕಾರಣ ಗೊತ್ತಾಗಬೇಕಾದರೆ ಗಾಡಿ ಕೆಳಗೆ ಒಮ್ಮೆ ಮಲಗಿ ನೋಡಿ. ಹಿಂದಿನ ಡಿಫರೆನ್ಷಿಯಲ್‌ನ ಉಬ್ಬು ನೆಲಕ್ಕೆ ಎಷ್ಟು ಹತ್ತಿರ ಇದೆಯೋ, ಲಿಫ್ಟ್ ಮಾಡಿಸಿದ ಮೇಲೂ ಅಷ್ಟೇ ಹತ್ತಿರ ಇರುತ್ತದೆ. ಲಿಫ್ಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು, ಆಕ್ಸಲ್ ಅನ್ನು ಅಲ್ಲ. ಆಕ್ಸಲ್ ಮೇಲೇಳುವುದು ಟೈರ್ ದೊಡ್ಡದಾದಾಗ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. 265/65 ಆರ್17ರ ವ್ಯಾಸ ಸುಮಾರು 776 ಮಿ.ಮೀ., 265/70 ಆರ್17ರದ್ದು ಸುಮಾರು 803. ಡಿಫ್ ಕೆಳಗೆ ಸಿಗುವ ಲಾಭ 13 ಮಿ.ಮೀ. ಕಡಿಮೆ ಅನ್ನಿಸಬಹುದು, ಆದರೆ ಅದು ಇಡೀ ಗಾಡಿಗೆ ಸಿಗುವ ಲಾಭ.

ಲಿಫ್ಟ್‌ನಿಂದ ಹೆಚ್ಚುವುದು ಕೋನಗಳು: ಮೂತಿ ತಾಗದೆ ಏರುವ ಕೋನ, ಬಾಲ ತಾಗದೆ ಇಳಿಯುವ ಕೋನ, ದಿಬ್ಬದ ಮೇಲೆ ಹೊಟ್ಟೆ ಕೂರದೆ ದಾಟುವ ಕೋನ. ಉದ್ದ ವೀಲ್‌ಬೇಸ್‌ನ ಪಿಕಪ್‌ಗೆ ಈ ಮೂರನೆಯದೇ ನಿಜವಾದ ದೌರ್ಬಲ್ಯ. ಆದರೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಎತ್ತಿದಷ್ಟೂ ಮುಂದಿನ ಡ್ರೈವ್ ಶಾಫ್ಟ್‌ಗಳು ಹೆಚ್ಚು ಓರೆಯಾಗಿ ತಿರುಗುತ್ತವೆ, ಶಾಫ್ಟ್ ಕೀಲಿನ ರಬ್ಬರ್ ಮುಚ್ಚಳ (ಸಿವಿ ಬೂಟ್) ಬೇಗ ಹರಿಯುತ್ತದೆ, ಚಕ್ರ ಕೆಳಕ್ಕೆ ಇಳಿಯುವ ಅವಕಾಶ ಕಡಿಮೆಯಾಗುತ್ತದೆ. ಗುರುತ್ವ ಕೇಂದ್ರ ಮೇಲೇರುವುದರಿಂದ ಪಕ್ಕಕ್ಕೆ ವಾಲಿದ ದಾರಿಯಲ್ಲಿ ಗಾಡಿ ಹೆಚ್ಚು ಅಳುಕುತ್ತದೆ.

ಕೋನಗಳನ್ನು ಬಿಚ್ಚಿಯೇ ಗಳಿಸಬಹುದು. ಮುಂದಿನ ಬಂಪರ್ ಕೆಳಗೆ ಗಾಳಿ ತಡೆಯುವ ಪ್ಲಾಸ್ಟಿಕ್ ತುಟಿ ಇದ್ದರೆ ಬಿಚ್ಚಿಡಿ. ನಾಲ್ಕಾರು ಸ್ಕ್ರೂ ಅಷ್ಟೆ, ಹೇಗಿದ್ದರೂ ಮೊದಲ ಏರಿನಲ್ಲೇ ಕಿತ್ತುಹೋಗುವಂಥದ್ದು. ಪಕ್ಕದ ಫುಟ್‌ಸ್ಟೆಪ್ ಚಾಸಿಗಿಂತ ಕೆಳಗೆ ಜೋತಾಡುತ್ತಿದ್ದರೆ ತೆಗೆಯಿರಿ. ದಿಬ್ಬದಲ್ಲಿ ಮೊದಲು ತಾಗುವುದು ಅದೇ, ಬಾಗಿದರೆ ಬಾಗಿಲು ತೆರೆಯುವುದೂ ಕಷ್ಟ. ಹಿಂದಿನ ಟೋ ಹಿಚ್‌ನ ಚೆಂಡು ಮತ್ತು ಅದನ್ನು ಹೊತ್ತ ತುಂಡು ಎರಡನ್ನೂ ಮನೆಯಲ್ಲೇ ಬಿಡಿ. ಸ್ಟೆಪ್ನಿ ಬಕೆಟ್ (ಹಿಂದಿನ ಸಾಮಾನು ತೊಟ್ಟಿ) ಕೆಳಗೆ ನೇತಾಡುತ್ತಿದ್ದರೆ ಚೈನ್ ಪೂರ್ತಿ ಬಿಗಿಯಾಗಿದೆಯೇ ನೋಡಿ. ಸಡಿಲ ಬಿಟ್ಟ ಸ್ಟೆಪ್ನಿ ಕೊರಕಲಿನಿಂದ ಮೇಲೇಳುವಾಗ ನೇಗಿಲಿನ ಹಾಗೆ ಮಣ್ಣು ಕೊರೆಯುತ್ತದೆ.

ಉಳಿದ ಹಣವನ್ನು ತಳ ಕಾಯುವ ಉಕ್ಕಿನ ಸ್ಕಿಡ್ ಪ್ಲೇಟ್‌ಗೆ ಹಾಕಿ. ಮೊದಲು ಆಯಿಲ್ ಸಂಪ್, ಆಮೇಲೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಪೆಟ್ಟಿಗೆ), ಮೂರನೆಯದು ಡೀಸೆಲ್ ಟ್ಯಾಂಕ್. ಸ್ಟಾಕ್ ಎತ್ತರದಲ್ಲಿ ಹೋಗುವವರಿಗೆ ತಳ ತಾಗುವುದು ಖಂಡಿತ, ತಾಗಿದಾಗ ಏನೂ ಒಡೆಯದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

---

ಗಾಳಿಮಾಪಕ

ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ನನ್ನ ಪ್ರಕಾರ ಪಟ್ಟಿಯ ತಲೆಯಲ್ಲಿ ಟೈರ್ ಗಾಳಿ ಇರ್ಬೇಕು. ಒಂದು ಒಳ್ಳೇ ಗೇಜ್ ಮತ್ತೆ ಒಂದು ಕಂಪ್ರೆಸರ್, ಇವೆರಡಕ್ಕಿಂತ ಹೆಚ್ಚು ಫಲ ಕೊಡೋ ಸಾಮಾನು ಸ್ಟಾಕ್ ಗಾಡಿಗೆ ಇನ್ನೊಂದಿಲ್ಲ.

ಗಾಳಿ ಇಳಿಸಿದ್ರೆ ಟೈರ್ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಹರಡಿಕೊಳ್ಳುತ್ತೆ. ನೆಲ ಮುಟ್ಟೋ ಪಟ್ಟಿ ಉದ್ದ ಆದಷ್ಟೂ ಹಿಡಿತ ಜಾಸ್ತಿ. ಇನ್ನೊಂದು ಲಾಭವನ್ನ ಜನ ಮರೀತಾರೆ: ಚೂಪು ಕಲ್ಲಿನ ಮೇಲೆ ಟೈರ್ ಬಗ್ಗಿ ಅದನ್ನ ಸುತ್ತಿಕೊಳ್ಳುತ್ತೆ, ಬಿಗಿಯಾಗಿ ತುಂಬಿದ ಟೈರ್ ಅದೇ ಕಲ್ಲಿಗೆ ಕತ್ತರಿಸಿಹೋಗುತ್ತೆ.

ಡಾಂಬರಿನಲ್ಲಿ 35 ಪಿಎಸ್‌ಐ ಇಡೋ ಖಾಲಿ ಪಿಕಪ್‌ಗೆ ನಾನು ಹೇಳೋ ಲೆಕ್ಕ: ಜಲ್ಲಿ, ಗಟ್ಟಿ ಮಣ್ಣು 26-28. ಕಲ್ಲಿನ ಏರು, ಕೊರಕಲು 20-24. ಮೆತ್ತನೆ ಮರಳು 15-18. ಕೆಸರಿಗೆ 20ರ ಸುತ್ತಮುತ್ತ, ಆದ್ರೆ ಕೆಳಗೆ ಗಟ್ಟಿ ತಳ ಇದ್ರೆ ತೀರಾ ಇಳಿಸಬೇಡಿ, ಟೈರ್ ಕೆಸರು ಸೀಳಿ ತಳ ಮುಟ್ಟೋದೇ ಒಳ್ಳೇದು. ಬೀಡ್‌ಲಾಕ್ (ಟೈರ್ ಅಂಚನ್ನ ರಿಮ್‌ಗೆ ಬಿಗಿಯೋ ಬಳೆ) ಇಲ್ಲದ ರಿಮ್‌ನಲ್ಲಿ 15ಕ್ಕಿಂತ ಕೆಳಗೆ ಹೋದ್ರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳೋ ಅಪಾಯ ಇದೆ. ಹಿಂದೆ ಲೋಡ್ ಇದ್ರೆ ಹಿಂದಿನ ಚಕ್ರಕ್ಕೆ 3-4 ಪಿಎಸ್‌ಐ ಜಾಸ್ತಿ ಬಿಡಿ. ಅಳತೆ ಯಾವಾಗಲೂ ಟೈರ್ ತಣ್ಣಗಿರುವಾಗ. ಓಡಿಸಿದ ಮೇಲೆ ಬಿಸಿಗೆ ಕೆಲವು ಪಿಎಸ್‌ಐ ಏರಿರುತ್ತೆ.

20ರ ಆಸುಪಾಸು ಇಳಿಸಿದ ಮೇಲೆ ವೇಗ 40 ಕಿ.ಮೀ. ದಾಟಬಾರದು, 15-18ಕ್ಕೆ ಇನ್ನೂ ನಿಧಾನ. ಮೆತ್ತಗಿನ ಟೈರ್ ವೇಗದಲ್ಲಿ ಒಳಗಿನಿಂದ ಬಿಸಿಯಾಗಿ ಪಕ್ಕದ ಗೋಡೆ ಸೀಳುತ್ತೆ. ಡಾಂಬರಿಗೆ ಬಂದ ತಕ್ಷಣ ಗಾಳಿ ತುಂಬಿ, ಊರು ಮುಟ್ಟಿ ತುಂಬ್ತೀನಿ ಅನ್ನಬೇಡಿ.

ಕಂಪ್ರೆಸರ್ ಬಗ್ಗೆ: ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸೋ ಪುಟ್ಟ ಪಂಪ್ ಈ ಅಳತೆಯ 4 ಟೈರ್ ತುಂಬೋ ಹೊತ್ತಿಗೆ ಕಾದು ನಿಂತುಬಿಡುತ್ತೆ. ದೊಡ್ಡದನ್ನ ಆ ಸಾಕೆಟ್‌ಗೆ ಹಾಕಿದ್ರೆ ಫ್ಯೂಸ್ ಹೋಗುತ್ತೆ. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕೋ ಬಗೆಯದ್ದು ತಗೊಳ್ಳಿ, ಎಂಜಿನ್ ಓಡ್ತಿರುವಾಗ ಬಳಸಿ.

ಈಗಿನ ಟೈರ್ ಸವೆದಾಗ ಆಲ್ ಟೆರೇನ್‌ಗೆ ಹೋಗಿ, ಎಲ್‌ಟಿ (ಲೈಟ್ ಟ್ರಕ್) ದರ್ಜೆಯದ್ದಾದ್ರೆ ಪಕ್ಕದ ಗೋಡೆ ಗಟ್ಟಿ. ತುಳಿಯೋ ಮೈಗೆ ಆದ ತೂತಿಗೆ ಪ್ಲಗ್ ಹಾಕಿ ಹೊರಬರಬಹುದು, ಪಕ್ಕದ ಗೋಡೆ ಸೀಳಿದ್ರೆ ಸ್ಟೆಪ್ನಿಯೇ ಗತಿ. 265/70 ಹಾಕೋ ಮುಂಚೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಒಳಗಿನ ಲೈನರ್‌ಗೆ, ಮಡ್‌ಫ್ಲಾಪ್‌ಗೆ ಉಜ್ಜುತ್ತಾ ನೋಡಿ. ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು 3.4% ಕಡಿಮೆ ತೋರಿಸುತ್ತೆ.

---

ಮಣ್ಣಹಾದಿ

ತುಂಬಾ ಉಪಯೋಗ ಆಯ್ತು. ಎರಡು ಅನುಮಾನ. ಒಂದು, ಅಡ್ಡ ಕೊರಕಲು ಬಂದಾಗ ನೇರವಾಗಿ ಇಳಿಸಬೇಕಾ, ಓರೆಯಾಗಿಯಾ? ಎರಡು, ಬಕೆಟ್ ಖಾಲಿ ಇದ್ರೆ ಹಿಂದಿನ ಚಕ್ರ ಕುಣಿದು ಜಾರುತ್ತೆ. ಮರಳು ಮೂಟೆ ಹಾಕಲಾ?

---

ನಿಧಾನವೇ_ದಾರಿ

ಕೊರಕಲಿಗೆ ಓರೆಯೇ ಸರಿ, ಆದರೆ ಅಳತೆ ಮೀರಬಾರದು. ನೇರವಾಗಿ ಇಳಿದರೆ ಮುಂದಿನ ಎರಡೂ ಚಕ್ರ ಒಟ್ಟಿಗೆ ಬೀಳುತ್ತವೆ, ಮೂತಿ ಎದುರಿನ ದಡಕ್ಕೆ ನೆಡುತ್ತದೆ. ಮುಂದಿನದು ದಾಟಿದರೂ ಹೊಟ್ಟೆ ಅಂಚಿನ ಮೇಲೆ ಕೂರುತ್ತದೆ. ಸುಮಾರು 30 ಡಿಗ್ರಿ ಓರೆಯಲ್ಲಿ ಹೋದರೆ ಒಂದೊಂದೇ ಚಕ್ರ ಇಳಿಯುತ್ತದೆ, ಉಳಿದ ಮೂರು ಗಾಡಿಯನ್ನು ಎತ್ತರದಲ್ಲಿ ಹಿಡಿದಿರುತ್ತವೆ. 45 ಡಿಗ್ರಿಗೆ ಹೋದಾಗ ಬೇರೆ ತೊಂದರೆ: ಎಡ ಮುಂದಿನದು ಮತ್ತು ಬಲ ಹಿಂದಿನದು ಒಟ್ಟಿಗೆ ಗಾಳಿಯಲ್ಲಿ ಹಗುರವಾಗಿ, ಲಾಕ್ ಇಲ್ಲದ ಡಿಫ್ ಶಕ್ತಿಯನ್ನೆಲ್ಲ ಆ ಎರಡಕ್ಕೇ ಕಳಿಸುತ್ತದೆ. ಚಕ್ರ ತಿರುಗುತ್ತದೆ, ಗಾಡಿ ನಿಂತಲ್ಲೇ.

ಇಲ್ಲಿ ಹೆಚ್ಚಿನವರು ಕಾಲು ಎತ್ತಿಬಿಡುತ್ತಾರೆ. ಎತ್ತಬೇಡಿ. ಲೋ ರೇಂಜ್ ಮೊದಲ ಗೇರ್, ಎಂಜಿನ್ 1500-2000 ಆರ್‌ಪಿಎಂ, ಎಕ್ಸಲರೇಟರ್ ಅಲುಗಾಡದಂತೆ ಹಿಡಿದು ಎರಡು ಮೂರು ಸೆಕೆಂಡ್ ಕಾಯಿರಿ. ಟ್ರ್ಯಾಕ್ಷನ್ ಕಂಟ್ರೋಲ್ ಚಕ್ರ ಸುತ್ತುವುದನ್ನು ಕಂಡ ಮೇಲೆಯೇ ಅದರ ಬ್ರೇಕ್ ಹಿಡಿಯುತ್ತದೆ. ಕರ್ ಕರ್ ಸದ್ದು ಕೇಳಿಸಿ, ನೆಲ ಮುಟ್ಟಿರುವ ಚಕ್ರಕ್ಕೆ ಬಲ ಹೋಗಿ, ಗಾಡಿ ತೆವಳಲು ಶುರುಮಾಡುತ್ತದೆ. ಸದ್ದು ಕೇಳಿ ಗಾಬರಿಯಾಗಿ ಬಿಟ್ಟರೆ ಆ ಬ್ರೇಕೂ ಬಿಡುತ್ತದೆ. ಮರಳಿನಲ್ಲಿ ಮಾತ್ರ ಇದು ತಿರುವುಮುರುವು. ಅಲ್ಲಿ ಎಂಜಿನ್ ಶಕ್ತಿ ಕತ್ತರಿಸುವ ವ್ಯವಸ್ಥೆಯನ್ನು ಆಫ್ ಮಾಡಬೇಕು, ಓಟ ನಿಂತರೆ ಹೂತುಹೋಗುತ್ತೀರಿ.

ಆಳದ ಜಾಡು ಸಿಕ್ಕರೆ ಜಾಡಿನೊಳಗೆ ಇಳಿಯಬೇಡಿ. ಒಂದು ಚಕ್ರ ನಡುದಿಣ್ಣೆಯ ಮೇಲೆ, ಇನ್ನೊಂದು ಹೊರ ಅಂಚಿನ ಮೇಲೆ ಇಡಿ. ಕಲ್ಲು ಬಂದರೂ ಅಷ್ಟೇ, ಟೈರ್ ಅದರ ಮೇಲೆ ಹತ್ತಲಿ, ಎರಡು ಚಕ್ರದ ನಡುವೆ ಬಿಡಬೇಡಿ. ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ ಕುಗ್ಗಿದಾಗ ನಡುಭಾಗವೂ ನೆಲದ ಕಡೆ ಇಳಿಯುತ್ತದೆ, ನಿಂತಾಗ ಅಳೆದ 220 ಮಿ.ಮೀ. ಆಗ ಇರುವುದಿಲ್ಲ. ನಿಧಾನ ಹೋಗಬೇಕು ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸಬೇಡಿ, ಚಕ್ರ ಕಲ್ಲಿಗೆ ಬಡಿದು ಸ್ಟೀರಿಂಗ್ ಒದ್ದರೆ ಬೆರಳು ಮುರಿಯುತ್ತದೆ.

ಏರು ಅರ್ಧದಲ್ಲಿ ನಿಂತುಹೋದರೆ ತಿರುಗಿಸುವ ಯೋಚನೆಯೇ ಬೇಡ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದಲ್ಲೇ ನೇರ ಹಿಂದಕ್ಕೆ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಅಥವಾ ಕ್ಲಚ್ ಒತ್ತಿಕೊಂಡು ಇಳಿದರೆ, ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ, ಪಲ್ಟಿ ಹೊಡೆಯುವುದು ಅಲ್ಲೇ.

ಮರಳು ಮೂಟೆ: ಹಾಕಿ, 100 ಕೆಜಿಯಷ್ಟು. ಲೀಫ್ ಸ್ಪ್ರಿಂಗ್ ಭಾರಕ್ಕೆಂದೇ ಮಾಡಿದ್ದು, ಖಾಲಿ ಇದ್ದರೆ ಬಗ್ಗುವುದೇ ಇಲ್ಲ.

---

ಲೋರೇಂಜ್

ಮೂಟೆ ವಿಷಯದಲ್ಲಿ ಸ್ವಲ್ಪ ತಕರಾರಿದೆ. ಭಾರ ಎಲ್ಲಿ ಕೂರುತ್ತದೆ ಎನ್ನುವುದು ಮುಖ್ಯ. ಟೇಲ್‌ಗೇಟ್ ಹತ್ತಿರ ಹಾಕಿದರೆ ಮುಂದಿನ ಚಕ್ರ ಹಗುರವಾಗುತ್ತದೆ, ಕಡಿದಾದ ಏರಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಬಾಲವೂ ಇಳಿಯುತ್ತದೆ. ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ಅದಕ್ಕಿಂತ ಕ್ಯಾಬ್ ಕಡೆಗೆ ಇಟ್ಟು ಪಟ್ಟಿಯಿಂದ ಕಟ್ಟಿ. ಗಾಳಿ ಇಳಿಸಿದರೆ ಆ ಕುಣಿತದಲ್ಲಿ ಬಹುಪಾಲು ಹೋಗಿಬಿಡುತ್ತದೆ, ಹಾಗಾಗಿ ಮೊದಲು ಗಾಳಿ ಇಳಿಸಿ ನೋಡಿ, ಆಮೇಲೂ ಬೇಕೆನಿಸಿದರೆ ಮೂಟೆ. ನೀರಿನ ಕ್ಯಾನ್, ಟೂಲ್‌ಬಾಕ್ಸ್, ಹಗ್ಗ ಎಲ್ಲ ಸೇರಿದರೇ ಸಾಕಷ್ಟು ಭಾರವಾಗಿರುತ್ತದೆ.

ಇನ್ನೊಂದು ಮಾತು. ಪಾರ್ಟ್ ಟೈಮ್ ವ್ಯವಸ್ಥೆಯನ್ನು ಒಣ ಡಾಂಬರಿನಲ್ಲಿ ಫೋರ್ ವೀಲ್‌ಗೆ ಹಾಕಿಡಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸುತ್ತವೆ, ನಡುವೆ ಡಿಫ್ ಇಲ್ಲದ್ದರಿಂದ ಶಾಫ್ಟ್‌ಗಳು ಮುರುಚಿಕೊಳ್ಳುತ್ತವೆ, ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ.

---

ಎಳೆಹಗ್ಗ

ಹಗ್ಗದ ಸುದ್ದಿ ಬಂತು, ಅದಕ್ಕೆ ಬರೀತಿದೀನಿ. ಜೀವ ಹೋಗೋದು ಗಾಡಿ ಹೂತಾಗ ಅಲ್ಲ, ಹೂತ ಗಾಡಿ ಎಳೆಯುವಾಗ.

ಟೋ ಹಿಚ್‌ನ ಚೆಂಡಿಗೆ ಹಗ್ಗ ಹಾಕಿ ಎಳೆಯಲೇಬೇಡಿ. ಅದು ಟ್ರೇಲರ್‌ನ ಸಮ ಎಳೆತಕ್ಕೆ ಮಾಡಿದ್ದು, ಜಗ್ಗಿದಾಗ ಕತ್ತರಿಸಿಕೊಂಡು ಗುಂಡಿನ ವೇಗದಲ್ಲಿ ಹಾರಿ ಬರುತ್ತೆ. ಮುಂದೆ ಚಾಸಿಗೆ ತೆಳ್ಳಗಿನ ಉಂಗುರ ಇದ್ರೆ, ಅದು ಸಾಗಿಸುವಾಗ ಲಾರಿಗೆ ಕಟ್ಟೋಕೆ ಕೊಟ್ಟಿದ್ದಾ, ಎಳೆಯೋಕಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಎಳೆಯುವ ಕೊಕ್ಕೆ ಇಲ್ಲದಿದ್ರೆ ಚಾಸಿಗೆ ಬೋಲ್ಟ್ ಮಾಡೋ ರೇಟೆಡ್ ಪಾಯಿಂಟ್ ಹಾಕಿಸಿ. ಸ್ಕಿಡ್ ಪ್ಲೇಟ್‌ಗೂ ಮೊದಲು ಇದಕ್ಕೆ ದುಡ್ಡು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಹಿಗ್ಗೋ ಬಗೆಯ ಸ್ನ್ಯಾಚ್ ಪಟ್ಟಿ, 9 ಮೀಟರ್, 8 ಟನ್ ಮುರಿಯುವ ಬಲದ್ದು 2-2.5 ಟನ್ ಪಿಕಪ್‌ಗೆ ಸಾಕು. 4.75 ಟನ್ ಎಂದು ಮೈಮೇಲೆ ಅಚ್ಚಾದ ಬೋ ಶ್ಯಾಕಲ್ (ಅಡ್ಡ ಪಿನ್ ಇರೋ ಉಕ್ಕಿನ ಕೊಂಡಿ) 2 ಇರಲಿ. ಪಿನ್ ಪೂರ್ತಿ ಬಿಗಿ ಮಾಡಿ ಕಾಲು ಸುತ್ತು ಸಡಿಲಿಸಿ, ಇಲ್ಲಾಂದ್ರೆ ಎಳೆದ ಮೇಲೆ ಬಿಚ್ಚೋಕಾಗಲ್ಲ. ಎಳೆಯೋ ಮುಂಚೆ ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣು, ಹೊಟ್ಟೆ ಕೆಳಗಿನ ಮಣ್ಣು ತೆಗೆಯಿರಿ. ಪಟ್ಟಿ ನಡುವೆ ಒದ್ದೆ ಗೋಣಿಯೋ ದಪ್ಪ ಕಂಬಳಿಯೋ ಹಾಕಿ, ಜನ ಪಟ್ಟಿಯ ಒಂದೂವರೆ ಪಟ್ಟು ದೂರ ನಿಲ್ಲಲಿ. ಒಂಟಿ ಗಾಡಿ ಆದ್ರೆ ಪಟ್ಟಿಗಿಂತ ಟ್ರ್ಯಾಕ್ಷನ್ ಬೋರ್ಡ್ (ಹೂತ ಚಕ್ರದ ಕೆಳಗೆ ಹಿಡಿತಕ್ಕೆ ಇಡೋ ಹಲಗೆ) ಒಂದು ಜೊತೆ ಮತ್ತು ಸಲಿಕೆ ಹೆಚ್ಚು ಕೆಲಸಕ್ಕೆ ಬರುತ್ತೆ.

ನೀರು: ಮೊದಲು ಕೋಲು ಹಿಡಿದು ನಡೆದು ನೋಡಿ. ನಿಮ್ಮಿಂದ ನಡೆಯೋಕಾಗದ ಸೆಳವು ಇದ್ರೆ ಗಾಡಿಯೂ ಬೇಡ. ಮೇಲೆ ಏನೂ ಬದಲಾವಣೆ ಮಾಡದ ಗಾಡಿಗೆ ಚಕ್ರದ ಹಬ್ (ನಡುಭಾಗ) ಮಟ್ಟ ಸುರಕ್ಷಿತ. ಅದಕ್ಕಿಂತ ಆಳ ಇದ್ರೆ ಮ್ಯಾನ್ಯುಯಲ್‌ನ ಮಿತಿ ನೋಡಿ, ಡಿಫ್ ಒಳಗಿನ ಗಾಳಿ ಆಡೋ ಬ್ರೀದರ್ ಪೈಪ್‌ಗಳನ್ನ ಎಂಜಿನ್ ಕೋಣೆವರೆಗೆ ಎತ್ತರಿಸಿ. ಬಿಸಿ ಡಿಫ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ ಇಳಿಸಿ. ನೀರಲ್ಲಿ 5-6 ಕಿ.ಮೀ. ವೇಗ, ಗೇರ್ ಬದಲಿಸಬೇಡಿ. ಎಂಜಿನ್ ನಿಂತುಹೋದ್ರೆ ಸೆಲ್ಫ್ ಹೊಡೀಬೇಡಿ, ಸಿಲಿಂಡರ್‌ಗೆ ನೀರು ಹೋಗಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

---

ನಿಧಾನವೇ_ದಾರಿ

ವಾಪಸ್ ತಿರುಗುವ ಜಾಗ ಯಾವುದು ಎಂದು ಕೇಳಿದ್ದರಲ್ಲ. ಜಾಡಿನ ಆಳ ಹಿಂದಿನ ಡಿಫ್ ಎತ್ತರಕ್ಕಿಂತ ಹೆಚ್ಚಿದ್ದು, ಅಂಚಿನ ಮೇಲೆ ಹೋಗಲೂ ದಾರಿ ಇಲ್ಲದಿದ್ದರೆ. ಹಬ್‌ಗಿಂತ ಎತ್ತರದ ನೇರ ಮೆಟ್ಟಿಲು ಬಂದು, ಮುಂದೆ ಕಲ್ಲು ಜೋಡಿಸಿ ಇಳಿಜಾರು ಮಾಡಲು ಆಗದಿದ್ದರೆ. ಪಕ್ಕಕ್ಕೆ ವಾಲಿದ ಒದ್ದೆ ಜೇಡಿಮಣ್ಣು, ಕೆಳಗೆ ಪ್ರಪಾತ ಇದ್ದರೆ ಎತ್ತರದ ಗಾಡಿಗೂ ಅದು ದಾರಿಯಲ್ಲ. ಇಳಿದ ಏರನ್ನು ಮಳೆ ಬಂದರೆ ಹತ್ತಿ ಬರಲಾಗುತ್ತದೆಯೇ ಎಂಬುದನ್ನು ಇಳಿಯುವ ಮೊದಲೇ ಯೋಚಿಸಿ.

ಹೊರಬಂದ ಮೇಲೆ ವೀಲ್ ನಟ್ ಬಿಗಿ ನೋಡಿ, ಸಿವಿ ಬೂಟ್ ಮಡಿಕೆಗಳಲ್ಲಿ ಗ್ರೀಸ್ ಸೋರಿದೆಯೇ ನೋಡಿ, ಸ್ಕಿಡ್ ಪ್ಲೇಟ್ ಮತ್ತು ಎಕ್ಸಾಸ್ಟ್ ಮಧ್ಯೆ ಸಿಕ್ಕ ಒಣಹುಲ್ಲು ಕಿತ್ತು ಹಾಕಿ. ಡಿಪಿಎಫ್ (ಎಕ್ಸಾಸ್ಟ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್) ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಡಾಂಬರಿನಲ್ಲಿ 60ಕ್ಕೆ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡುವ ಮೊದಲು ರಿಮ್ ಒಳಮೈಗೆ ಅಂಟಿದ ಕೆಸರು ತೊಳೆಯಿರಿ. ಆಳ ನೀರು ದಾಟಿದ್ದರೆ ಮರುದಿನ ಎರಡೂ ಡಿಫ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳದ್ದಿ ನೋಡಿ. ಆಯಿಲ್ ಹಾಲುಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸದೆ ಅಂದೇ ಬದಲಿಸಿ.