ನಾಣಿ ಕೊಲಂಬಿಸಿದ ಜಲಪಾತ

“ಯಾರಿಗೂ ಗೊತ್ತಿಲ್ಲದ ಜಲಪಾತ ಕಂಡುಹಿಡಿದುಬಿಟ್ಟೆ ಕಣ್ರೀ!” ಒದ್ದೆ ಚಪ್ಪಲಿ ಬಿಡುವ ಮೊದಲೇ ನಾಣಿ ಫೋನು ಮುಂದೆ ಹಿಡಿದ.

ಪದ್ಮಕ್ಕ ಮೊದಲ ಒಬ್ಬೆ ಮೆಣಸಿನಕಾಯಿ ಬಜ್ಜಿ ತೆಗೆಯುತ್ತಿದ್ದರು. ಸುಬ್ಬಣ್ಣನವರು ಕನ್ನಡಕ ಹಣೆಗೇರಿಸಿ ರೀಲ್ ನೋಡಿದರು. ನೀರು ಬೀಳುತ್ತಿತ್ತು, ನಾಣಿ ಎರಡೂ ಕೈ ಚಾಚಿ ನಿಂತಿದ್ದ, ಮೇಲೆ ‘ಹಿಡನ್ ಜೆಮ್’ ಅಂತ ಹೊಳೆಯುವ ಅಕ್ಷರ.

“ನಿನ್ನ ಹಿಂದೆ ಬಂಡೆ ಮೇಲೆ ಒಣಗ್ತಾ ಇರೋದು ಏನಪ್ಪಾ ಅದು?”

“ಅದಾ? ಯಾರದೋ ಸೀರೆ.”

“ಹಾಗಾದ್ರೆ ನಿನಗಿಂತ ಮುಂಚೆ ಯಾರೋ ಕಂಡುಹಿಡಿದು, ಬಟ್ಟೆ ಒಗೆದು, ಹರವಿ ಹೋಗಿ ಆಗಿದೆ.”

ಅಮೆರಿಕದಿಂದ ರಜೆಗೆ ಬಂದಿದ್ದ ಪದ್ಮಕ್ಕನ ಮಗ ಗುರು ನಕ್ಕ. “ಮಾಮ, ಇದಕ್ಕೆ ನಮ್ಮಲ್ಲಿ ಒಂದು ಪದಾನೇ ಇದೆ. ಕೊಲಂಬಸಿಂಗ್.”

“ನಮ್ಮಲ್ಲಿ ಅಂದ್ರೆ ಯಾರಲ್ಲಪ್ಪಾ?”

ಗುರು ಅದನ್ನು ಕೇಳಿಸಿಕೊಳ್ಳದವನ ಹಾಗೆ ಮುಂದುವರಿಸಿದ. 2014ರಲ್ಲಿ ಅಲ್ಲಿ ಒಂದು ಹಾಸ್ಯದ ವಿಡಿಯೋ ಬಂದಮೇಲೆ ಹರಡಿದ ಮಾತಂತೆ. ಬೇರೆಯವರು ತಲೆತಲಾಂತರದಿಂದ ಉಂಡು ಉಟ್ಟು ಕುಣಿದದ್ದನ್ನು ಬಿಳಿಯರು ನಿನ್ನೆ ತಾವೇ ಕಂಡವರ ಹಾಗೆ ಹೇಳಿಕೊಂಡರೆ ಹಾಗೆ ಗೇಲಿ ಮಾಡುತ್ತಾರಂತೆ. ಅರಿಶಿನದ ಹಾಲನ್ನು ‘ಟರ್ಮರಿಕ್ ಲಾಟೆ’ ಅಂದ ಹಾಗೆ.

“ನೆಗಡಿ ಆದಾಗ ಅದೇ ಹಾಲು ಕೊಟ್ರೆ ಬಚ್ಚಲಿಗೆ ಸುರಿದು ಬರ್ತಿದ್ದೆ,” ಅಂದರು ಪದ್ಮಕ್ಕ. “ಅಲ್ಲಿ ಎಷ್ಟು ಕೊಟ್ಟು ಕುಡೀತೀಯ?”

“ಆರು ಡಾಲರ್,” ಅಂದ ಗುರು, ಸಣ್ಣ ದನಿಯಲ್ಲಿ.

ಸುಬ್ಬಣ್ಣನವರಿಗೆ ಪದ ಬಹಳ ಹಿಡಿಸಿತು. “ಕನ್ನಡಕ್ಕೂ ಬರಲಿ. ಕೊಲಂಬಿಸು. ನಾಣಿಯು ಜಲಪಾತವನ್ನು ಕೊಲಂಬಿಸಿದನು. ಕರ್ಮಣಿ ಪ್ರಯೋಗ ಬೇಕಾದ್ರೆ, ನಾಣಿಯಿಂದ ಜಲಪಾತವು ಕೊಲಂಬಿಸಲ್ಪಟ್ಟಿತು.”

ನಾಣಿಗೆ ಬೇಸರವಾಯಿತು. “ಶಾಲೇಲಿ 1492, ಕೊಲಂಬಸ್, ಅಮೆರಿಕ ಅಂತ ಬಾಯಿಪಾಠ ಮಾಡ್ಸಿದ್ರಲ್ಲ, ಆಗ ಹೀರೋ. ಈಗ ಬೈಗುಳವಾ? ಮೊದಲೇ ಯಾರಿಗೋ ಗೊತ್ತಿರಬಹುದು, ನನಗೆ ಹೊಸದು ತಾನೇ?”

“ನಿನಗೆ ಹೊಸದು, ಸರಿ. ‘ಯಾರಿಗೂ ಗೊತ್ತಿಲ್ಲದ’ ಅಂದೆಯಲ್ಲ, ಅಲ್ಲೇ ಎಡವಟ್ಟು. ಆ ಮಹರಾಯನಿಗೆ ತಾನು ಅಮೆರಿಕಕ್ಕೆ ಬಂದದ್ದೇ ಗೊತ್ತಿರಲಿಲ್ಲ ಕಣೋ. ಹೊರಟದ್ದು ಏಷ್ಯಾಕ್ಕೆ, ಚಿನ್ನ ಮಸಾಲೆಯ ಆಸೆಗೆ. ಅಕ್ಟೋಬರ್ 12ಕ್ಕೆ ಇಳಿದದ್ದು ಬಹಾಮಾಸ್ ಕಡೆಯ ಒಂದು ದ್ವೀಪದಲ್ಲಿ. ಅಲ್ಲಿದ್ದವರು ಅದನ್ನು ಗ್ವಾನಹಾನಿ ಅಂತ ಕರೀತಿದ್ರು, ಇವನು ಸಾನ್ ಸಾಲ್ವಡಾರ್ ಅಂದ. ಜನರನ್ನು ಇಂಡಿಯನ್ನರು ಅಂದ. 1506ರಲ್ಲಿ ಸಾಯೋ ತನಕ ತಾನು ಮುಟ್ಟಿದ್ದು ಏಷ್ಯಾ ಅಂತಲೇ ನಂಬಿದ್ದ. ವಿಳಾಸ ತಪ್ಪಿ ಬಂದ ಕೊರಿಯರ್ ಹುಡುಗನಿಗೆ, ಮನೆ ಕಂಡುಹಿಡಿದ ಅಂತ ಶಾಲು ಹೊದಿಸಿದ ಹಾಗಾಯ್ತು.”

“ಪಾಪ, ಹೆಸರಾದರೂ ಉಳೀತಲ್ಲ.”

“ಎಲ್ಲಿ ಉಳೀತು? ಸತ್ತ ಮಾರನೇ ವರ್ಷವೇ ನಕ್ಷೆ ಬರೆಯುವವರು ಆ ಭೂಮಿಗೆ ಅಮೆರಿಗೊ ವೆಸ್ಪುಚಿ ಅನ್ನೋ ಇನ್ನೊಬ್ಬ ನಾವಿಕನ ಹೆಸರಿನಿಂದ ಅಮೆರಿಕ ಅಂತ ಅಚ್ಚು ಹಾಕಿದ್ರು. ಅಂದ್ರೆ ಕೊಲಂಬಸನನ್ನೇ ಕೊಲಂಬಿಸಿದ್ರು!”

“ಬಿಳಿಯರನ್ನು ಬೈದದ್ದು ಸಾಕು, ಬಜ್ಜಿ ಆರ್ತಾ ಇದೆ,” ಅಂದರು ಪದ್ಮಕ್ಕ.

ಸುಬ್ಬಣ್ಣನವರು ಒಂದು ಬಜ್ಜಿ ಮುರಿದು ಒಳಗಿನ ಹಸಿರನ್ನೇ ನೋಡಿದರು. “ಇದೂ ಅಲ್ಲಿಂದ ಬಂದದ್ದೇ ಪದ್ಮಕ್ಕ.”

“ಮೆಣಸಿನಕಾಯೀನಾ? ನಮ್ಮದಲ್ವಾ ಅದು?”

“ಅವನು ಹುಡುಕಿಕೊಂಡು ಹೊರಟದ್ದು ನಮ್ಮ ಕಡೆ ಬೆಳೆಯೋ ಮೆಣಸು, ಸಿಕ್ಕಿದ್ದು ಇದು. ಪೋರ್ಚುಗೀಸರು ಹಡಗಲ್ಲಿ ಹಾಕಿಕೊಂಡು ಇಲ್ಲಿಗೆ ತಂದಾಗ ನಾವೇನು ಮಾಡಿದ್ವಿ? ನಿನ್ನ ಊರಲ್ಲಿ ನಿನ್ನ ಹೆಸರೇನಮ್ಮಾ ಅಂತ ಯಾರಾದ್ರೂ ಕೇಳಿದ್ವಾ? ಮೆಣಸಿನ ಹಾಗೆ ಖಾರ ಇದೆ, ಮೆಣಸಿನಕಾಯಿ ಅಂದು ಸುಮ್ನಾದ್ವಿ. ಆಮೇಲೆ ಮನೆಯೊಡೆಯ ಮೆಣಸೇ ತಾನು ಯಾರು ಅಂತ ಹೇಳಿಕೊಳ್ಳೋಕೆ ಕಾಳುಮೆಣಸು, ಕರಿಮೆಣಸು ಅಂತ ಇನಿಷಿಯಲ್ ಹಾಕ್ಕೋಬೇಕಾಯ್ತು. ಕಡಲೆಕಾಯಿ ಕತೇನೂ ಅಷ್ಟೇ. ದಕ್ಷಿಣ ಅಮೆರಿಕದ್ದು, ನಮ್ಮ ಕಡಲೆಯ ಹೆಸರು ಇಟ್ಟುಕೊಂಡು ಬಸವನಗುಡೀಲಿ ಪರಿಷೆ ಮಾಡಿಸ್ಕೊಳ್ತಾ ಇದೆ.”

ನಾಣಿಗೆ ಸ್ವಲ್ಪ ಸಮಾಧಾನವಾಯಿತು, ಕೊಲಂಬಿಸಿದವನು ತಾನೊಬ್ಬನೇ ಅಲ್ಲ ಅಂತ. ಇನ್ನೊಂದು ಬಜ್ಜಿಗೆ ಕೈ ಹಾಕಿದ.

“ಮಾಮ, ಆ ದ್ವೀಪದ ಜನ ಏನಾದ್ರು?” ಅಂತ ಕೇಳಿದ ಗುರು.

“ತಾಯ್ನೋಗಳಾ? ಜೀತ, ಕತ್ತಿ, ಸಿಡುಬು. ಕೆಲವೇ ದಶಕಗಳಲ್ಲಿ ಹೆಚ್ಚಿನವರು ಮುಗಿದೇ ಹೋದ್ರು. ಅವರ ಮಾತು ಮಾತ್ರ ಸ್ಪ್ಯಾನಿಷ್ ದಾಟಿ ನಿನ್ನ ಇಂಗ್ಲಿಷಿಗೆ ಬಂದಿದೆ. ಕೆನೂ, ಹ್ಯಾಮಕ್, ಹರಿಕೇನ್. ದೋಣಿ, ಜೋಲಿ, ಬಿರುಗಾಳಿ. ಆಡೋರಿಗೆ ಯಾರ ಮಾತು ಅಂತ ಗೊತ್ತಿರಲ್ಲ.”

ಹೊರಗೆ ಮಳೆ ಜಾಸ್ತಿಯಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಬಜ್ಜಿ ಕಡಿಯುವ ಸದ್ದು ಬಿಟ್ಟರೆ.

“ನಾಣಿ, ಅಲ್ಲಿಗೆ ದಾರಿ ಹೇಗೆ ಸಿಕ್ತು ನಿಂಗೆ?”

“ದನ ಕಾಯೋ ಹುಡುಗ ಒಬ್ಬ ಕರ್ಕೊಂಡು ಹೋದ. ಈ ವಿಡಿಯೋ ಹಿಡಿದವನೂ ಅವನೇ.”

“ಹೆಸರೇನು?”

“ಏನೋ ಅಬ್ಬಿ ಅಂದಪ್ಪ.”

“ಅಬ್ಬಿ ಅಂದ್ರೆ ಆ ಕಡೆ ಜಲಪಾತ ಅಂತಲೇ ಅರ್ಥ. ನಾನು ಕೇಳಿದ್ದು ಹುಡುಗನ ಹೆಸರು.”

ನಾಣಿ ರೀಲನ್ನು ಇನ್ನೊಂದು ಸಲ ಓಡಿಸಿದ. ನೀರು, ಸೀರೆ, ತಾನು.

“ಮುಂದಿನ ಭಾನುವಾರ ಹೋಗಿ ಕೇಳ್ಕೊಂಡು ಬರ್ತೀನಿ.”

“ಹೋಗು. ಫೋನು ಇಲ್ಲೇ ಇಟ್ಟು ಹೋಗು.”